ಹೊಲದ ಬದುವಿನ ಹಳದಿ ಹೂಗಳನ್ನು ಬಿಡಿಸಿ ನೋಡಿ ಗುರುತಿಸುವ ಬಗೆ

ಗಣೇಶನ ಹಬ್ಬ ಮುಗಿದು ದೀಪಾವಳಿ ಹತ್ತಿರವಾಗುವ ದಿನಗಳಲ್ಲಿ ಹಳೇ ಮೈಸೂರು ಭಾಗದ ಯಾವುದೇ ರಾಗಿ ಹೊಲದ ಮುಂದೆ ನಿಂತರೂ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹಳದಿಯಾಗಿ ಅರಳಿರುವುದು ಕಾಣುತ್ತದೆ. ಅದೇ ಹೊತ್ತಿಗೆ ಕೆರೆಯ ಏರಿಯ ಮೇಲೆ, ಚರಂಡಿಯ ಅಂಚಿನಲ್ಲಿ, ಮಲೆನಾಡಿನ ರಸ್ತೆಯ ತಿರುವುಗಳಲ್ಲಿ, ಖಾಲಿ ನಿವೇಶನಗಳಲ್ಲಿ ಅದನ್ನೇ ಹೋಲುವ ಹತ್ತಾರು ಹೂಗಳು ಅರಳಿರುತ್ತವೆ. ಎಲ್ಲದರಲ್ಲೂ ನಡುವೆ ಒಂದು ಹಳದಿ ಬಿಲ್ಲೆ, ಅದರ ಸುತ್ತ ಹಳದಿ ಎಸಳು. ಹೆಸರು ಕೇಳಿದರೆ ಒಬ್ಬರು ಕಾಡು ಸೇವಂತಿ ಎನ್ನುತ್ತಾರೆ, ಇನ್ನೊಬ್ಬರು ಕಾಡು ಸೂರ್ಯಕಾಂತಿ ಎನ್ನುತ್ತಾರೆ, ಮತ್ತೊಬ್ಬರು ಎಲ್ಲವನ್ನೂ ಕಳೆ ಎಂದು ಒಟ್ಟುಗೂಡಿಸಿಬಿಡುತ್ತಾರೆ. ಇವುಗಳಲ್ಲಿ ಕೆಲವು ಶತಮಾನಗಳಿಂದ ನಮ್ಮ ಹೊಲದಲ್ಲಿ ಬೆಳೆದ ಬೆಳೆಗಳು, ಕೆಲವು ಈ ನೆಲದವೇ ಆದ ಗಿಡಗಳು, ಇನ್ನು ಕೆಲವು ದೂರದ ಅಮೆರಿಕ ಖಂಡದಿಂದ ಬಂದು ಇಲ್ಲಿನ ಗಿಡಗಳ ಜಾಗವನ್ನು ಕಸಿಯುತ್ತಿರುವಂಥವು. ಹೀಗಿರುವಾಗ ಅವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯುವುದು ಕೇವಲ ಹವ್ಯಾಸದ ಮಾತಲ್ಲ ಎಂದು ನಾನು ನಂಬಿದ್ದೇನೆ.

ನಾವು ಹೆಸರು ತಪ್ಪುವುದಕ್ಕೆ ಮುಖ್ಯ ಕಾರಣವೆಂದರೆ ಹೂವನ್ನು ಮೇಲಿನಿಂದ, ಬಣ್ಣವನ್ನಷ್ಟೇ ನೋಡಿ ತೀರ್ಮಾನಿಸುವುದು. ಸೂರ್ಯಕಾಂತಿ, ಸೇವಂತಿಗಳು ಸೇರಿದ ಈ ಕುಟುಂಬದಲ್ಲಿ ಮೇಲಿನ ನೋಟ ಬಹುತೇಕ ಎಲ್ಲರದ್ದೂ ಒಂದೇ. ಗುರುತು ಇರುವುದು ಹೂವಿನ ಬೆನ್ನಿನಲ್ಲಿ, ಒಳಗೆ, ಮತ್ತು ಬೀಜದಲ್ಲಿ. ಆದ್ದರಿಂದ ಈ ಬರಹದಲ್ಲಿ ಹೇಳುವುದೆಲ್ಲ ಒಂದು ಹೂವನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಸೀಳಿ, ಬಿಡಿಸಿ ನೋಡುವ ಕ್ರಮದ ಬಗ್ಗೆ.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಡಚುವ ಭೂತಗನ್ನಡಿ, ಒಂದು ಹೊಸ ಬ್ಲೇಡು, ಒಂದು ಗುಂಡುಸೂಜಿ, ಒಂದು ಬಿಳಿ ಹಾಳೆ, ಒಂದು ಕಪ್ಪು ಅಥವಾ ಗಾಢ ಬಣ್ಣದ ಹಾಳೆ, ಅಳತೆಪಟ್ಟಿ, ಪೆನ್ಸಿಲ್ ಮತ್ತು ಟಿಪ್ಪಣಿ ಪುಸ್ತಕ ಸಾಕು. ಭೂತಗನ್ನಡಿಯನ್ನು ಹೂವಿನ ಹತ್ತಿರ ಹಿಡಿದು ಕಣ್ಣನ್ನು ದೂರ ಇಡುವುದು ಹೊಸಬರು ಸಾಮಾನ್ಯವಾಗಿ ಮಾಡುವ ತಪ್ಪು. ಗಾಜನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿದು, ಹೂವನ್ನೇ ಗಾಜಿನ ಕಡೆಗೆ ನಿಧಾನವಾಗಿ ತಂದರೆ ಎರಡೂವರೆ ಸೆಂಟಿಮೀಟರ್ ದೂರದಲ್ಲಿ ಚಿತ್ರ ಸ್ಪಷ್ಟವಾಗುತ್ತದೆ.

ಕೈಗೆ ಹೂ ತೆಗೆದುಕೊಳ್ಳುವ ಮೊದಲು ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ನಮ್ಮಲ್ಲಿ ಕಾಂಗ್ರೆಸ್ ಗಿಡ ಎಂದು ಹೆಸರಾದ ಪಾರ್ಥೇನಿಯಂ ಇದೇ ಕುಟುಂಬದ ಗಿಡ. ಅದರಿಂದ ಚರ್ಮದ ಅಲರ್ಜಿ ಬಂದವರಿಗೆ ಅದರ ಬಂಧುಗಳಾದ ಬೇರೆ ಗಿಡಗಳಿಂದಲೂ ಅದೇ ಬಗೆಯ ತುರಿಕೆ ಬರುವ ಸಾಧ್ಯತೆ ಉಂಟು, ಏಕೆಂದರೆ ಇವುಗಳಲ್ಲಿ ಹಲವು ಒಂದೇ ಗುಂಪಿಗೆ ಸೇರಿದ ರಾಸಾಯನಿಕಗಳನ್ನು ಹೊಂದಿವೆ. ಅಂಥವರು ಕೈಗವಸು ಧರಿಸಿಯೇ ಹೂ ಮುಟ್ಟಬೇಕು ಮತ್ತು ಮುಖದ ಬಳಿಗೆ ತರಬಾರದು. ಸೊಪ್ಪಿನ ರುಚಿ ನೋಡುವ ಅಭ್ಯಾಸವನ್ನಂತೂ ಯಾರೂ ಇಟ್ಟುಕೊಳ್ಳಬಾರದು. ಸೆನೆಸಿಯೊ ಕುಲದ ಹಳದಿ ಹೂಗಳಲ್ಲಿ ಯಕೃತ್ತನ್ನು ಹಾಳುಮಾಡುವ ವಿಷವಸ್ತುಗಳಿವೆ, ಮತ್ತು ಹೊಸಬರ ಕಣ್ಣಿಗೆ ಅವು ಉಳಿದ ಹಳದಿ ಹೂಗಳಂತೆಯೇ ಕಾಣುತ್ತವೆ.

ಮೊದಲ ಪಾಠಕ್ಕೆ ಹುಚ್ಚೆಳ್ಳಿಗಿಂತ ಒಳ್ಳೆಯ ಹೂವಿಲ್ಲ. ಉತ್ತರ ಕರ್ನಾಟಕದವರು ಇದನ್ನು ಗುರೆಳ್ಳು ಎನ್ನುತ್ತಾರೆ, ಅದರ ಹಿಂಡಿಯಿಲ್ಲದೆ ಅಲ್ಲಿ ರೊಟ್ಟಿಯ ಊಟ ಪೂರ್ತಿಯಾಗುವುದಿಲ್ಲ. ಇದರ ಮೂಲ ಇಥಿಯೋಪಿಯದ ಎತ್ತರದ ನೆಲ. ಅಲ್ಲಿ ಇದು ನೂಗ್ ಎಂಬ ಹೆಸರಿನ ಎಣ್ಣೆಬೆಳೆ. ದನಕರುಗಳು ಇದರ ಸೊಪ್ಪನ್ನು ಇಷ್ಟಪಡದ ಕಾರಣ ನಮ್ಮ ರೈತರು ಇದನ್ನು ಹೊಲದ ಅಂಚಿಗೂ ಹಾಕುತ್ತಾರೆ. ಬಲಿಪಾಡ್ಯಮಿಯ ದಿನ ಸಗಣಿಯ ಉಂಡೆಗಳಿಗೆ ಸಿಕ್ಕಿಸುವ ಹೂಗಳಲ್ಲಿ ಹುಚ್ಚೆಳ್ಳಿನ ಹೂವೂ ಒಂದಾಗಿರುವ ಊರುಗಳು ಹಲವು. ರೈತರನ್ನು ಕೇಳಿ ಒಂದೆರಡು ಹೂ ಪಡೆಯುವುದು ಕಷ್ಟವಲ್ಲ, ಮತ್ತು ಅದರ ಭಾಗಗಳು ಬರಿಗಣ್ಣಿಗೂ ಕಾಣುವಷ್ಟು ದೊಡ್ಡವು.

ಬೆಳಗ್ಗೆ ಒಂಬತ್ತರ ಸುಮಾರಿಗೆ, ಇಬ್ಬನಿ ಆರಿದ ಮೇಲೆ, ನಡುವಿನ ಬಿಲ್ಲೆ ಅರ್ಧ ಮಾತ್ರ ಬಿರಿದಿರುವ ಒಂದು ಹೂವನ್ನು ಆರಿಸಿ ತೊಟ್ಟಿನ ಸಮೇತ ತೆಗೆಯಿರಿ. ಬೋರಲು ಹಾಕಿ ಬೆನ್ನನ್ನು ಮೊದಲು ನೋಡಿ. ಅಲ್ಲಿ ಎಲೆಯಂತೆ ಅಗಲವಾದ ಐದು ಹಸಿರು ಎಸಳುಗಳು ಹೂವನ್ನು ಬಟ್ಟಲಿನಂತೆ ಹಿಡಿದುಕೊಂಡಿರುತ್ತವೆ. ಇವು ಗುಲಾಬಿಯಲ್ಲಿ ಅಥವಾ ದಾಸವಾಳದಲ್ಲಿ ಕಾಣುವಂಥ ಪುಷ್ಪಪತ್ರಗಳಲ್ಲ, ಇಡೀ ಗುಂಪನ್ನು ಹೊರಗಿನಿಂದ ಸುತ್ತುವರಿದ ಉಪಪತ್ರಗಳು. ಇವು ಎಷ್ಟಿವೆ, ಎಷ್ಟು ಸುತ್ತಿನಲ್ಲಿವೆ, ಅಗಲವೋ ಕಿರಿದೋ, ತುದಿ ಹೊರಕ್ಕೆ ಬಾಗಿದೆಯೋ ಇಲ್ಲವೋ ಎಂಬುದನ್ನು ಬರೆದಿಟ್ಟುಕೊಂಡರೆ ಅರ್ಧ ಕೆಲಸ ಆದಂತೆಯೇ. ನಾನು ಚಿತ್ರಗಳನ್ನು ನೋಡಿ ಹೆಸರು ಹೇಳಬೇಕಾಗಿ ಬಂದಾಗಲೆಲ್ಲ ಮೊದಲು ಕೇಳುವುದು ಹೂವಿನ ಬೆನ್ನಿನ ಚಿತ್ರವನ್ನು, ಮತ್ತು ಹೆಚ್ಚಿನ ಸಲ ಇಲ್ಲದಿರುವುದೂ ಅದೇ.

ಈಗ ಬ್ಲೇಡಿನಿಂದ ಹೂವನ್ನು ತೊಟ್ಟಿನ ನಡುವಿನಿಂದ ಮೇಲಕ್ಕೆ ಸರಿಯಾಗಿ ಎರಡು ಹೋಳು ಮಾಡಿ. ಕೊಯ್ದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದ ಕೂಡಲೇ ನಾವು ಒಂದು ಹೂವೆಂದು ಕರೆಯುತ್ತಿದ್ದುದು ಒಂದು ಹೂವಲ್ಲ ಎಂಬುದು ಕಣ್ಣಿಗೆ ಕಟ್ಟುತ್ತದೆ. ತೊಟ್ಟಿನ ತುದಿ ಅಗಲವಾಗಿ ಒಂದು ಪೀಠವಾಗಿದೆ, ಆ ಪೀಠದ ಮೇಲೆ ನಲವತ್ತರಿಂದ ಅರವತ್ತು ಸಣ್ಣ ಕೊಳವೆಗಳು ಒತ್ತೊತ್ತಾಗಿ ನಿಂತಿವೆ, ಒಂದೊಂದು ಕೊಳವೆಯೂ ಪರಿಪೂರ್ಣವಾದ ಒಂದೊಂದು ಹೂ. ಸುತ್ತಲಿನ ಎಂಟು ಎಸಳುಗಳೂ ಎಸಳುಗಳಲ್ಲ, ಒಂದೊಂದೂ ಬೇರೆ ಬೇರೆ ಹೂ. ಇಂಥ ಗುಂಪಿಗೆ ಕನ್ನಡದಲ್ಲಿ ಚೆಂಡುಮಂಜರಿ ಎಂಬ ಹೆಸರಿದೆ. ಕುಟುಂಬಕ್ಕೆ ಹಿಂದೆ ಇದ್ದ ಕಂಪಾಸಿಟೀ ಎಂಬ ಹೆಸರಿನ ಅರ್ಥವೂ ಹಲವು ಸೇರಿ ಆದದ್ದು ಎಂದೇ. ಈಗ ಆಸ್ಟರೇಸೀ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ಜಗತ್ತಿನ ಹೂಬಿಡುವ ಗಿಡಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಈ ಕುಟುಂಬಕ್ಕೆ ಸೇರಿದೆ. ದಕ್ಷಿಣ ಅಮೆರಿಕದ ಪಟಗೋನಿಯದಲ್ಲಿ ದೊರೆತ ಸುಮಾರು 4.75 ಕೋಟಿ ವರ್ಷ ಹಳೆಯ ಶಿಲೆಯೊಂದರಲ್ಲಿ ಇಂಥದೇ ಚೆಂಡುಮಂಜರಿಯ ಅಚ್ಚು ಉಳಿದಿದೆ.

ಸೂಜಿಯ ಮೊನೆಯಿಂದ ನಡುವಿನ ಕಿರುಹೂಗಳಲ್ಲಿ ಒಂದನ್ನು ಎಬ್ಬಿಸಿ ಕಪ್ಪು ಹಾಳೆಯ ಮೇಲೆ ಇಡಿ. ಕೆಳಗೆ ಸಣ್ಣದೊಂದು ಅಂಡಾಶಯ, ಅದರ ಮೇಲೆ ಹಳದಿ ಕೊಳವೆ, ಕೊಳವೆಯ ಬಾಯಿಯಲ್ಲಿ ಐದು ಹಲ್ಲು. ಈ ಐದು ಹಲ್ಲುಗಳೇ ಬೆಸೆದುಕೊಂಡ ಐದು ದಳಗಳ ಗುರುತು. ಕೊಳವೆಯ ಬಾಯಿಯಿಂದ ಕಪ್ಪುಗಂದು ಬಣ್ಣದ ಒಂದು ಸಣ್ಣ ನಳಿಕೆ ಹೊರಗೆ ಇಣುಕುತ್ತಿರುತ್ತದೆ. ಅದು ಐದು ಪರಾಗಕೋಶಗಳು ಪಕ್ಕಪಕ್ಕಕ್ಕೆ ಅಂಟಿಕೊಂಡು ಆದ ನಳಿಕೆ, ಪರಾಗವನ್ನು ಅವು ಒಳಮುಖವಾಗಿ ಆ ನಳಿಕೆಯೊಳಗೇ ಸುರಿಯುತ್ತವೆ. ಆಮೇಲೆ ಕೆಳಗಿನಿಂದ ಶಲಾಕೆ, ಅಂದರೆ ಅಂಡಾಶಯದ ಮೇಲಿನ ಕಡ್ಡಿಯಂಥ ಹೆಣ್ಣುಭಾಗ, ಬೆಳೆಯುತ್ತಾ, ಪಿಚಕಾರಿಯ ದಂಡ ನೀರನ್ನು ನೂಕುವ ಹಾಗೆ ಆ ಪರಾಗವನ್ನೆಲ್ಲ ಮೇಲಕ್ಕೆ ನೂಕಿ ಹೊರಗೆ ಹಾಕುತ್ತದೆ. ಪರಾಗ ಹೋದ ಮೇಲಷ್ಟೇ ಶಲಾಕೆಯ ತುದಿ ಎರಡಾಗಿ ಸೀಳಿ ಹೊರಕ್ಕೆ ಸುರುಳಿಯಾಗಿ, ಬೇರೆ ಗಿಡದ ಪರಾಗವನ್ನು ಬರಮಾಡಿಕೊಳ್ಳಲು ಸಿದ್ಧವಾಗುತ್ತದೆ. ಬಿಲ್ಲೆಯು ಅಂಚಿನಿಂದ ನಡುವಿನ ಕಡೆಗೆ ಸುತ್ತು ಸುತ್ತಾಗಿ ಬಿರಿಯುವುದರಿಂದ, ಅರ್ಧ ಬಿರಿದ ಒಂದೇ ಹೂವಿನಲ್ಲಿ ಈ ಮೂರು ಹಂತಗಳನ್ನೂ ಒಟ್ಟಿಗೆ ನೋಡಬಹುದು. ಅಂಚಿನಲ್ಲಿ ಸೀಳಿದ ಶಲಾಕೆ, ಮುಂದಿನ ಸುತ್ತಿನಲ್ಲಿ ಪರಾಗ ಹೊತ್ತ ನಳಿಕೆ, ನಡುವಿನಲ್ಲಿ ಇನ್ನೂ ಮುಚ್ಚಿದ ಮೊಗ್ಗು. ಅರ್ಧ ಬಿರಿದ ಹೂವನ್ನೇ ಆರಿಸಿ ಎಂದು ಹೇಳಿದ್ದು ಇದಕ್ಕಾಗಿ.

ಈ ಏರ್ಪಾಟಿನ ಬೆಲೆ ಹುಚ್ಚೆಳ್ಳಿಗೆ ಬಹಳ ದೊಡ್ಡದು. ತನ್ನದೇ ಪರಾಗದಿಂದ ಅದು ಕಾಳು ಕಟ್ಟುವುದು ತೀರಾ ಕಡಿಮೆ. ತುಡುವೆ, ಕೋಲುಜೇನು, ಹೆಜ್ಜೇನು ಬಂದು ಒಂದು ಗಿಡದಿಂದ ಇನ್ನೊಂದಕ್ಕೆ ಪರಾಗ ಸಾಗಿಸಿದರೆ ಮಾತ್ರ ಇಳುವರಿ. ಹೂಬಿಟ್ಟ ಹೊಲಕ್ಕೆ ಕೀಟನಾಶಕ ಹೊಡೆಯುವವರು ತಮ್ಮ ಕಾಳನ್ನೇ ಕಳೆದುಕೊಳ್ಳುತ್ತಾರೆ ಎಂಬುದು ಈ ಸಣ್ಣ ನಳಿಕೆಯನ್ನು ಒಮ್ಮೆ ನೋಡಿದವರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ನಂತರ ಸುತ್ತಲಿನ ಎಸಳುಗಳಲ್ಲಿ ಒಂದನ್ನು ಬುಡದಿಂದ ಕಿತ್ತು ಅದರ ತುದಿಯನ್ನು ನೋಡಿ. ಮೂರು ಹಲ್ಲುಗಳಿರುತ್ತವೆ. ಐದು ದಳಗಳಲ್ಲಿ ಮೂರು ಬೆಸೆದು ನಾಲಗೆಯಂತೆ ಹೊರಕ್ಕೆ ಚಾಚಿವೆ, ಉಳಿದ ಎರಡು ಇಲ್ಲವಾಗಿವೆ. ಬುಡದಲ್ಲಿ ಅಂಡಾಶಯವೂ ಸೀಳಿದ ಶಲಾಕೆಯೂ ಇವೆ, ಕೇಸರ ಮಾತ್ರ ಇಲ್ಲ, ಅಂದರೆ ಇದು ಹೆಣ್ಣುಹೂ. ಸೂರ್ಯಕಾಂತಿಯ ಎಸಳನ್ನು ಕಿತ್ತು ನೋಡಿದರೆ ಅಲ್ಲಿ ಈ ಹೆಣ್ಣುಭಾಗವೂ ಕೆಲಸಕ್ಕೆ ಬಾರದು. ಅದು ಜೇನನ್ನು ಕರೆಯುವ ಬಾವುಟ ಮಾತ್ರ. ಸುತ್ತಿನ ಹೂ ಕಾಳು ಕಟ್ಟುತ್ತದೆಯೇ ಇಲ್ಲವೇ ಎಂಬುದು ಗುರುತಿಗೆ ಮುಖ್ಯವಾದ ಸಂಗತಿ.

ಹಲ್ಲೆಣಿಸುವ ಈ ಅಭ್ಯಾಸವನ್ನು ಗಟ್ಟಿ ಮಾಡಿಕೊಳ್ಳಬೇಕು. ಉತ್ತರ ಕರ್ನಾಟಕದ ಹೊಲಗಳಲ್ಲಿ ಹುಟ್ಟಿ ಜೋಳದ ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆಯ ಹೂವನ್ನು ಬಿಡಿಸಿ ನೋಡಿದರೆ ನಡುವೆ ಬಿಲ್ಲೆಯೇ ಇಲ್ಲ, ಎಲ್ಲವೂ ನಾಲಗೆಯಾಕಾರದ ಕಿರುಹೂಗಳು, ಮತ್ತು ಪ್ರತಿಯೊಂದು ನಾಲಗೆಯ ತುದಿಯಲ್ಲೂ ಐದು ಹಲ್ಲು. ಇಲ್ಲಿ ಐದೂ ದಳಗಳು ಒಂದೇ ಕಡೆಗೆ ಬೆಸೆದಿವೆ. ಕಾಂಡ ಮುರಿದರೆ ಹಾಲು ಬರುತ್ತದೆ. ಐದು ಹಲ್ಲು, ಹಾಲು, ಬಿಲ್ಲೆ ಇಲ್ಲದಿರುವುದು, ಈ ಮೂರೂ ಒಟ್ಟಿಗೆ ಸಿಕ್ಕರೆ ಗಿಡ ಚಿಕೋರಿ ಬಳಗದ್ದು ಎಂದು ನಿಸ್ಸಂಶಯವಾಗಿ ಬರೆಯಬಹುದು. ಯುರೋಪಿನಲ್ಲೋ ಅಮೆರಿಕದಲ್ಲೋ ಇರುವ ಕನ್ನಡಿಗರು ತಮ್ಮ ಮನೆಯ ಹುಲ್ಲುಹಾಸಿನಲ್ಲಿ ಕಾಣುವ ಡ್ಯಾಂಡೆಲಿಯನ್ನನ್ನು ಹೀಗೆಯೇ ಬಿಡಿಸಿ ನೋಡಿದರೆ ಹಕ್ಕರಿಕೆಯ ನೆಂಟಸ್ತಿಕೆ ಅಲ್ಲಿಯೂ ಸಿಗುತ್ತದೆ. ಇದಕ್ಕೆ ತದ್ವಿರುದ್ಧವಾದದ್ದು ಕುಸುಬೆ. ಅದರಲ್ಲಿ ನಾಲಗೆಗಳೇ ಇಲ್ಲ, ಎಲ್ಲವೂ ಕೊಳವೆ, ಸುತ್ತ ಮುಳ್ಳಿನ ಉಪಪತ್ರಗಳು. ಹುಚ್ಚೆಳ್ಳು, ಹಕ್ಕರಿಕೆ, ಕುಸುಬೆ ಈ ಮೂರನ್ನು ಒಂದು ಹಾಳೆಯ ಮೇಲೆ ಪಕ್ಕಪಕ್ಕದಲ್ಲಿ ಬಿಡಿಸಿಟ್ಟರೆ ಇಡೀ ಕುಟುಂಬದ ಮೂರು ಮುಖ್ಯ ಮಾದರಿಗಳು ನಮ್ಮ ಅಡುಗೆಮನೆಯ ಬೆಳೆಗಳಲ್ಲೇ ಸಿಕ್ಕಿಬಿಡುತ್ತವೆ.

ಹುಚ್ಚೆಳ್ಳಿಗೆ ಗೈಜೋಶಿಯ ಎಂಬ ಕುಲನಾಮವನ್ನು ಕೊಟ್ಟವನು ಫ್ರಾನ್ಸಿನ ಹೆನ್ರಿ ಕಸೀನಿ. ತಲೆತಲಾಂತರದಿಂದ ಆಕಾಶವನ್ನು ನೋಡುತ್ತ ಬಂದ ಖಗೋಳ ವಿಜ್ಞಾನಿಗಳ ಮನೆತನದಲ್ಲಿ 1781ರಲ್ಲಿ ಹುಟ್ಟಿದ ಆತ ಕಣ್ಣನ್ನು ನೆಲದ ಕಡೆಗೆ ತಿರುಗಿಸಿ, ಈ ಒಂದೇ ಕುಟುಂಬದ ಹೂಗಳ ಶಲಾಕೆ, ಪರಾಗಕೋಶ, ಕಾಯಿಗಳನ್ನು ವರ್ಷಗಟ್ಟಲೆ ಬಿಡಿಸಿ ನೋಡಿ ಕುಟುಂಬವನ್ನು ಬುಡಕಟ್ಟುಗಳಾಗಿ ವಿಂಗಡಿಸಿದ. 1832ರಲ್ಲಿ ಪ್ಯಾರಿಸ್‌ನಲ್ಲಿ ಕಾಲರಾ ಬಂದು ತೀರಿಕೊಂಡ. ಇಂದು ವಂಶವಾಹಿಗಳ ಅಧ್ಯಯನದಿಂದ ಅವನ ವಿಂಗಡಣೆಯಲ್ಲಿ ಬದಲಾವಣೆಗಳಾಗಿದ್ದರೂ ಅವನು ಕೊಟ್ಟ ಬುಡಕಟ್ಟುಗಳಲ್ಲಿ ಹಲವು ಹಾಗೆಯೇ ನಿಂತಿವೆ. ನಾವು ಬ್ಲೇಡು ಸೂಜಿ ಹಿಡಿದು ಮಾಡುತ್ತಿರುವುದು ಅವನು ಮಾಡಿದ ಕೆಲಸವನ್ನೇ.

ಇನ್ನು ಪೀಠವನ್ನು ನೋಡಬೇಕು. ಕಿರುಹೂಗಳನ್ನೆಲ್ಲ ಸೂಜಿಯಿಂದ ಎಬ್ಬಿಸಿದ ಮೇಲೆ ಪೀಠ ಬೋಳಾಗಿದೆಯೇ ಅಥವಾ ಪ್ರತಿ ಕಿರುಹೂವಿನ ಪಕ್ಕದಲ್ಲಿ ಒಂದೊಂದು ತೆಳುವಾದ ಹೊಟ್ಟಿನಂಥ ಸಿಬಿರು ನಿಂತಿದೆಯೇ ಎಂದು ಪರೀಕ್ಷಿಸಿ. ಹುಚ್ಚೆಳ್ಳು, ಸೂರ್ಯಕಾಂತಿ, ಕಾಸ್ಮೋಸ್ ಇವುಗಳಲ್ಲಿ ಈ ಹೊಟ್ಟು ಇರುತ್ತದೆ. ಸೆನೆಸಿಯೊಗಳಲ್ಲಿ ಪೀಠ ಬೋಳು. ಮಹಾರಾಷ್ಟ್ರದ ಸಾತಾರಾ ಬಳಿಯ ಕಾಸ್ ಪ್ರಸ್ಥಭೂಮಿಯನ್ನು ಮಳೆಗಾಲದ ಕೊನೆಯಲ್ಲಿ ಹಳದಿಯಾಗಿಸುವ ಸೋನ್ಕಿ ಇಂಥದೊಂದು ಸೆನೆಸಿಯೊ. 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಕಾಸ್ ಕೂಡ ಒಂದು. ಅಲ್ಲಿ ಹೂ ಕೀಳಬಾರದು, ಮುರಕಲ್ಲಿನ ಮೇಲಿನ ತೆಳುವಾದ ಮಣ್ಣಿನಲ್ಲಿ ಹುಟ್ಟಿದ ಗಿಡಗಳನ್ನು ತುಳಿಯಲೂ ಬಾರದು. ದಾರಿಯಲ್ಲೇ ನಿಂತು ಭೂತಗನ್ನಡಿಯಿಂದಲೋ ಕ್ಯಾಮೆರಾದಿಂದಲೋ ನೋಡಿದರೆ ಸಾಕು.

ಕೊನೆಯದಾಗಿ ಕಾಯಿ. ನಾವು ಬೀಜವೆಂದು ಕರೆಯುವ ಹುಚ್ಚೆಳ್ಳಿನ ಕಾಳು ವಾಸ್ತವವಾಗಿ ಒಂದೇ ಬೀಜವನ್ನು ಒಳಗಿಟ್ಟುಕೊಂಡ ಒಣಕಾಯಿ. ಸಾಮಾನ್ಯ ಹೂವಿನಲ್ಲಿ ಪುಷ್ಪಪತ್ರಗಳು ಇರಬೇಕಾದ ಜಾಗದಲ್ಲಿ, ಅಂದರೆ ಆ ಕಾಯಿಯ ನೆತ್ತಿಯಲ್ಲಿ ಏನಿದೆ ಎಂಬುದೇ ಈ ಕುಟುಂಬದಲ್ಲಿ ಅತ್ಯಂತ ನಂಬಿಕೆಗೆ ಅರ್ಹವಾದ ಗುರುತು. ಹುಚ್ಚೆಳ್ಳಿನ ನೆತ್ತಿ ಬೋಳು, ಕಾಳು ಕಪ್ಪಾಗಿ ಮಿರುಗುತ್ತದೆ. ಎಲ್ಲ ಹಾದಿಗಳ ಪಕ್ಕದಲ್ಲೂ ಉದ್ದ ತೊಟ್ಟಿನ ಮೇಲೆ ಒಂಟಿಯಾಗಿ ನಿಲ್ಲುವ ಟ್ರೈಡಾಕ್ಸ್, ಅಂದರೆ ಹಲವೆಡೆ ಗಬ್ಬು ಸಾವಂತಿ ಅಥವಾ ಜಯಂತಿ ಸೊಪ್ಪು ಎಂದು ಕರೆಯುವ ಗಿಡದ ಕಾಯಿಯ ನೆತ್ತಿಯಲ್ಲಿ ಗರಿಯಂಥ ಕೂದಲುಗಳ ಗುಚ್ಛವಿದ್ದು ಅದು ಗಾಳಿಯಲ್ಲಿ ತೇಲುತ್ತದೆ. ಬೈಡೆನ್ಸ್ ಕುಲದ ಗಿಡಗಳ ಕಾಯಿಯ ನೆತ್ತಿಯಲ್ಲಿ ಹಿಮ್ಮುಖ ಕೊಕ್ಕೆಗಳಿರುವ ಎರಡು ಮೂರು ಮುಳ್ಳುಗಳಿದ್ದು, ಹೊಲದಿಂದ ಮನೆಗೆ ಬಂದವರ ಪಂಚೆ ಸೀರೆಗಳ ಅಂಚಿಗೆ ಕಚ್ಚಿಕೊಂಡು ಬರುತ್ತವೆ. ಸಿನೆಡ್ರೆಲ್ಲ ಎಂಬ ಸಣ್ಣ ಕಳೆಯಲ್ಲಂತೂ ಒಂದೇ ಹೂವಿನೊಳಗೆ ಎರಡು ಬಗೆಯ ಕಾಯಿಗಳಿರುತ್ತವೆ. ಸುತ್ತಿನ ಹೂಗಳದ್ದು ಚಪ್ಪಟೆಯಾಗಿ ಗರಗಸದಂಥ ಅಂಚಿನ ರೆಕ್ಕೆಯುಳ್ಳದ್ದು, ನಡುವಿನ ಹೂಗಳದ್ದು ಕಿರಿದಾಗಿ ಎರಡು ಕೋಡುಗಳುಳ್ಳದ್ದು. ತೋಟದ ನೆರಳಿನಲ್ಲಿ, ಎಲೆಯ ಕಂಕುಳಲ್ಲಿ ತೊಟ್ಟಿಲ್ಲದೆ ಕುಳಿತ ಈ ಹಳದಿ ಹೂ ಕಣ್ಣಿಗೆ ಬೀಳುವುದೇ ಕಷ್ಟ. ಆದರೆ ಬಿಡಿಸಿ ನೋಡಿದವರು ಅದನ್ನು ಮತ್ತೆ ಮರೆಯುವುದಿಲ್ಲ.

ಈ ಕ್ರಮ ಕೈಗೆ ಹತ್ತಿದ ಮೇಲೆ ನಿಜವಾಗಿ ಗೊಂದಲ ಹುಟ್ಟಿಸುವ ಜೋಡಿಯೊಂದನ್ನು ಪರೀಕ್ಷಿಸೋಣ. ಹಲವು ವರ್ಷಗಳ ಹಿಂದೆ ನಾನು ನರ್ಸರಿಯೊಂದರಿಂದ ನೆಲ ಮುಚ್ಚುವ ಹಳದಿ ಹೂವಿನ ಬಳ್ಳಿಯನ್ನು, ಇದು ಇಲ್ಲಿಯದೇ ಔಷಧಿ ಗಿಡ ಎಂಬ ಅವರ ಮಾತನ್ನು ನಂಬಿ ತಂದು ನೆಟ್ಟೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಅಂಗಳ ದಾಟಿ ಕಾಲುವೆಯ ಎರಡೂ ದಡಗಳನ್ನು ಹಿಡಿದು, ಅಲ್ಲಿದ್ದ ಒಂದೆಲಗವನ್ನೂ ಹೊನಗೊನ್ನೆಯನ್ನೂ ಪೂರ್ತಿಯಾಗಿ ಮುಚ್ಚಿಹಾಕಿತ್ತು. ಅದು ಸಿಂಗಪುರ ಡೈಸಿ ಎಂದು ಮಾರಾಟವಾಗುವ ಸ್ಫಾಗ್ನೆಟಿಕೋಲ ಟ್ರೈಲೊಬೇಟ. ಹೆಸರಿನಲ್ಲಿ ಸಿಂಗಪುರ ಇದ್ದರೂ ಅದರ ತವರು ಅಮೆರಿಕ ಖಂಡದ ಉಷ್ಣವಲಯ. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಅದರ ಹೆಸರಿದೆ. ನಾನು ನೆಟ್ಟಿದ್ದೇನೆಂದು ತಿಳಿದಿದ್ದುದು ಅದೇ ಕುಲದ ನಮ್ಮ ನೆಲದ ಗಿಡ, ಆಯುರ್ವೇದದಲ್ಲಿ ಪೀತಭೃಂಗರಾಜವೆಂದು ಹೆಸರಾದ ಹಳದಿ ಗರುಗ.

ಹೂಗಳನ್ನು ಮಾತ್ರ ನೋಡಿದರೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಎರಡೂ ನೆಲದ ಮೇಲೆ ಹರಿದು ಗೆಣ್ಣುಗಳಲ್ಲಿ ಬೇರು ಬಿಡುತ್ತವೆ, ಎರಡರಲ್ಲೂ ಉದ್ದ ತೊಟ್ಟಿನ ಮೇಲೆ ಒಂದೇ ಹೂ. ಎಲೆಯನ್ನು ನೋಡಬೇಕು. ಸಿಂಗಪುರ ಡೈಸಿಯ ಎಲೆ ದಪ್ಪವಾಗಿ ಹೊಳೆಯುತ್ತದೆ, ಮತ್ತು ಎರಡು ಪಕ್ಕಗಳಲ್ಲಿ ಒಂದೊಂದು ಹಾಲೆ ಚಾಚಿ ಒಟ್ಟು ಮೂರು ಹಾಲೆಗಳಾಗುತ್ತವೆ. ಹಳದಿ ಗರುಗದ ಎಲೆ ಕಿರಿದಾಗಿ, ಭರ್ಜಿಯ ಮೊನೆಯಂತೆ ಉದ್ದವಾಗಿ, ಹಾಲೆಗಳಿಲ್ಲದೆ, ಬೆರಳಿಗೆ ಒರಟಾಗಿ ತಾಗುತ್ತದೆ. ಗದ್ದೆಯ ಬದುವಿನಂಥ ತೇವದ ಜಾಗದಲ್ಲಿ ಅದು ಇತರ ಸೊಪ್ಪುಗಳ ನಡುವೆ ಇದ್ದುಕೊಂಡು ಬೆಳೆಯುತ್ತದೆಯೇ ಹೊರತು ಎಲ್ಲವನ್ನೂ ಮುಚ್ಚುವುದಿಲ್ಲ. ಒಂದೇ ಎಲೆಯಿಂದ ತೀರ್ಮಾನಿಸಬಾರದು. ಸಿಂಗಪುರ ಡೈಸಿಯ ಎಳೆಯ ಎಲೆಗಳಲ್ಲಿ ಹಾಲೆಗಳು ಅಸ್ಪಷ್ಟವಾಗಿರುವುದುಂಟು, ಆದ್ದರಿಂದ ಬಳ್ಳಿಯ ಉದ್ದಕ್ಕೂ ಹತ್ತು ಎಲೆಗಳನ್ನಾದರೂ ನೋಡಬೇಕು.

ಅದನ್ನು ತೆಗೆಯುವ ಬಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸಿಂಗಪುರ ಡೈಸಿ ಹೆಚ್ಚಾಗಿ ಹರಡುವುದು ಕಾಂಡದ ತುಂಡುಗಳಿಂದ. ಹುಲ್ಲು ಕೊಚ್ಚುವ ಯಂತ್ರದಿಂದ ಕತ್ತರಿಸಿದರೆ ಒಂದು ಬಳ್ಳಿಯನ್ನು ನೂರು ಬಳ್ಳಿ ಮಾಡಿದಂತಾಗುತ್ತದೆ. ಮಣ್ಣು ತೇವವಾಗಿರುವಾಗ ಗೆಣ್ಣು ಗೆಣ್ಣಿಗೂ ಬೇರು ಸಮೇತ ಕೈಯಿಂದಲೇ ಎಬ್ಬಿಸಿ, ಒಣ ಬಂಡೆಯ ಅಥವಾ ಸಿಮೆಂಟಿನ ನೆಲದ ಮೇಲೆ ಹರಡಿ, ಮುಟ್ಟಿದರೆ ಪುಡಿಯಾಗುವವರೆಗೆ ಬಿಸಿಲಿಗೆ ಒಣಗಿಸಬೇಕು. ಹರಿಯುವ ನೀರಿಗೆ ಅಥವಾ ತಿಪ್ಪೆಗೆ ಎಸೆಯಬಾರದು. ನನ್ನ ಕಾಲುವೆಯ ದಡವನ್ನು ಬಿಡಿಸಲು ಮೂರು ವರ್ಷ ಬೇಕಾಯಿತು.

ಕೊಡಗು, ಚಿಕ್ಕಮಗಳೂರಿನ ಕಡೆ ಮಳೆ ಮುಗಿದ ಮೇಲೆ ರಸ್ತೆಬದಿಯಲ್ಲಿ ಆಳೆತ್ತರಕ್ಕಿಂತ ಮೇಲೆ ಬೆಳೆದು ಅಂಗೈಯಗಲದ ಹಳದಿ ಹೂ ಬಿಡುವ ಪೊದೆ ಮೆಕ್ಸಿಕನ್ ಸೂರ್ಯಕಾಂತಿ, ಟಿಥೋನಿಯ ಡೈವರ್ಸಿಫೋಲಿಯ. ಇದರ ಎಲೆ ಮೂರರಿಂದ ಐದು ಹಾಲೆಗಳದ್ದು. ಹೂವಿನ ಕೆಳಗೆ ತೊಟ್ಟನ್ನು ಬೆರಳಿನಲ್ಲಿ ಒತ್ತಿ ನೋಡಿ, ಅಲ್ಲಿ ಅದು ಉಬ್ಬಿಕೊಂಡು ಒಳಗೆ ಟೊಳ್ಳಾಗಿರುತ್ತದೆ, ಬೇರೆ ಯಾವ ಹಳದಿ ಹೂವಿನೊಂದಿಗೂ ತಪ್ಪುವುದಿಲ್ಲ. ಇದರ ಸೊಪ್ಪಿನಲ್ಲಿ ಸಾರಜನಕವೂ ರಂಜಕವೂ ಹೆಚ್ಚಾಗಿದ್ದು ಕೀನ್ಯದ ರೈತರು ಇದನ್ನು ಹಸಿರುಗೊಬ್ಬರವಾಗಿ ಬಳಸುತ್ತಾರೆ. ಈಗಾಗಲೇ ಬೆಳೆದಿರುವಲ್ಲಿ, ಕಾಯಿ ಕಟ್ಟುವ ಮೊದಲೇ ಕೊಯ್ದು ತೋಟಕ್ಕೆ ಹಾಕುವುದು ಒಳ್ಳೆಯ ದಾರಿ, ಹೊಸದಾಗಿ ನೆಡುವುದು ಬೇಡ. ಉದ್ಯಾನದಿಂದ ತಪ್ಪಿಸಿಕೊಂಡು ಹೆದ್ದಾರಿಯ ಬದಿಗೆ ಬಂದಿರುವ ಹಳದಿ ಕಾಸ್ಮೋಸ್ ಕೂಡ ಮೆಕ್ಸಿಕೋದ ಕಡೆಯದೇ. ಅದರ ಎಲೆ ಸಣ್ಣ ಸಣ್ಣ ಸೀಳುಗಳಾಗಿ ಒಡೆದಿರುತ್ತದೆ, ಕಾಯಿಗೆ ಉದ್ದವಾದ ಕೊಕ್ಕು ಇರುತ್ತದೆ. ತೇವದ ಜಾಗಗಳಲ್ಲಿ ಎಸಳಿಲ್ಲದ ಅಥವಾ ತೀರಾ ಸಣ್ಣ ಎಸಳಿನ, ಗೋಪುರದಂತೆ ಮೇಲೆದ್ದ ಹಳದಿ ಬಿಲ್ಲೆ ಕಂಡರೆ ಅದು ಹಲ್ಲುನೋವಿನ ಗಿಡವೆಂದು ಹೆಸರಾದ ಆಕ್ಮೆಲ್ಲ.

ಹೋಲುವಂತೆ ಕಂಡರೂ ಕುಟುಂಬವೇ ಬೇರೆಯಾದ ಹಳದಿ ಹೂಗಳೂ ಇವೆ. ನೆಗ್ಗಿಲು, ತುತ್ತಿ, ತಂಗಡಿ ಇವುಗಳಲ್ಲಿ ಐದೇ ದಳ, ಬೆನ್ನಿನಲ್ಲಿ ಐದೇ ಪುಷ್ಪಪತ್ರ, ಮತ್ತು ಸೀಳಿದರೆ ಒಳಗೆ ಕಾಣುವುದು ಒಂದೇ ಅಂಡಾಶಯ. ಒಂದು ಸೀಳಿನಲ್ಲೇ ಅನುಮಾನ ಹೋಗುತ್ತದೆ.

ಉತ್ತರ ಅಮೆರಿಕದಲ್ಲಿರುವವರಿಗೆ ಎರಡು ಮಾತು. ಅಲ್ಲಿನ ಬಯಲುಗಳ ಕಪ್ಪುಗಣ್ಣಿನ ರಡ್ಬೆಕಿಯ ಹೀರ್ಟ, 1918ರಿಂದ ಮೇರಿಲ್ಯಾಂಡ್ ರಾಜ್ಯದ ಹೂವಾಗಿರುವುದು, ಇದೇ ಕ್ರಮದಲ್ಲಿ ಬಿಡಿಸಲು ಬಹಳ ಅನುಕೂಲವಾದದ್ದು. ನಮಗೆ ಪೂರ್ತಿ ಹಳದಿಯಾಗಿ ಕಾಣುವ ಅದರ ಎಸಳು ಜೇನಿಗೆ ಹಾಗೆ ಕಾಣುವುದಿಲ್ಲ. ಎಸಳಿನ ಬುಡದಲ್ಲಿರುವ ವರ್ಣದ್ರವ್ಯಗಳು ಅತಿನೇರಳೆ ಬೆಳಕನ್ನು ಹೀರಿಕೊಳ್ಳುವುದರಿಂದ ಜೇನಿನ ಕಣ್ಣಿಗೆ ನಡುವೆ ಗುರಿಹಲಗೆಯಂಥ ಗಾಢವಾದ ವೃತ್ತ ಕಾಣುತ್ತದೆ. ಇನ್ನು ಅಲ್ಲಿನ ಹಿತ್ತಲುಗಳಲ್ಲಿ ಗೋಲ್ಡ್‌ಫಿಂಚ್ ಹಕ್ಕಿಗಳಿಗೆಂದು ತೂಗುಹಾಕುವ ನೈಜರ್ ಕಾಳು ಬೇರೇನಲ್ಲ, ನಮ್ಮ ಹುಚ್ಚೆಳ್ಳೇ. ಕಾಳಿನ ಜೊತೆ ಕಸ್ಕ್ಯೂಟ ಎಂಬ ಪರಾವಲಂಬಿ ಬಳ್ಳಿಯ ಬೀಜ ಬಂದು ಮೊಳೆಯದಂತೆ, ಆ ದೇಶಕ್ಕೆ ಬರುವ ಹುಚ್ಚೆಳ್ಳನ್ನು ಬಿಸಿ ಮಾಡಿ ಶುದ್ಧಗೊಳಿಸಬೇಕೆಂಬ ನಿಯಮವಿದೆ. ಇಲ್ಲಿಯೂ ಕಾಳು ಬಲಿತ ಹೊಲಕ್ಕೆ ರಾಟವಾಳ ಹಕ್ಕಿಗಳ ಹಿಂಡು ಇಳಿಯುವುದನ್ನು ನೋಡಬಹುದು.

ನೋಡಿದ್ದನ್ನು ದಾಖಲಿಸುವಾಗ ಪ್ರತಿ ಗಿಡಕ್ಕೆ ಕನಿಷ್ಠ ಐದು ಚಿತ್ರ ತೆಗೆಯಿರಿ. ಇಡೀ ಗಿಡ ನಿಂತ ಜಾಗದೊಂದಿಗೆ, ಎಲೆ ಕಾಂಡಕ್ಕೆ ಸೇರುವ ಗೆಣ್ಣು, ಹೂವಿನ ಮುಖ, ಹೂವಿನ ಬೆನ್ನು, ಮತ್ತು ಅಳತೆಪಟ್ಟಿಯ ಪಕ್ಕದಲ್ಲಿ ಬಲಿತ ಕಾಯಿ. ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್, ಐನ್ಯಾಚುರಲಿಸ್ಟ್ ಇಂಥ ತಾಣಗಳಿಗೆ ಈ ಐದನ್ನೂ ಸೇರಿಸಿದರೆ ತಿಳಿದವರು ಖಚಿತವಾಗಿ ಹೇಳಬಲ್ಲರು. ಮೊಬೈಲ್ ತಾನಾಗಿಯೇ ಸೂಚಿಸುವ ಹೆಸರನ್ನು ಊಹೆಯೆಂದೇ ತಿಳಿಯಬೇಕು, ಅದು ಬಹುಮಟ್ಟಿಗೆ ಹೂವಿನ ಮುಖವನ್ನು ನೋಡಿ ಹೇಳಿದ್ದು.

ಗಿಡವನ್ನು ಒಣಗಿಸಿ ಇಡಬೇಕೆಂದಿದ್ದರೆ, ಸುತ್ತಲೂ ಅದೇ ಗಿಡ ಹೇರಳವಾಗಿರುವಾಗ ಮಾತ್ರ ಒಂದನ್ನು ತೆಗೆಯಿರಿ. ಸಂರಕ್ಷಿತ ಅರಣ್ಯಗಳಲ್ಲಿ ಅನುಮತಿಯಿಲ್ಲದೆ ಕೀಳಲೇಬಾರದು. ಹಳೆಯ ದಿನಪತ್ರಿಕೆಯ ಮಡಿಕೆಯಲ್ಲಿ ಒಂದು ಹೂ ಮುಖ ಮೇಲಾಗಿ, ಒಂದು ಬೆನ್ನು ಮೇಲಾಗಿ, ಒಂದು ಉದ್ದಕ್ಕೆ ಸೀಳಿ ಇಡಿ. ಎಲೆಗಳಲ್ಲಿ ಒಂದನ್ನಾದರೂ ಮಗುಚಿ ಇಡಿ. ಬಿಲ್ಲೆ ದಪ್ಪವಾಗಿರುವುದರಿಂದ ಬೇಗ ಬೂಸಲು ಹಿಡಿಯುತ್ತದೆ, ಮೊದಲ ನಾಲ್ಕು ದಿನ ಪ್ರತಿದಿನವೂ ಕಾಗದ ಬದಲಿಸಬೇಕು. ಬಲಿತ ಕಾಯಿಗಳನ್ನು ಸಣ್ಣ ಕಾಗದದ ಪೊಟ್ಟಣದಲ್ಲಿ ಹಾಕಿ ಜೊತೆಗಿಡಿ. ಒಣಗಿದ ಮೇಲೆ ಕಾಣದೆ ಹೋಗುವ ಸಂಗತಿಗಳನ್ನು, ಅಂದರೆ ಹಳದಿಯ ಛಾಯೆ, ವಾಸನೆ, ಹಾಲು ಬಂತೇ ಇಲ್ಲವೇ, ಗಿಡದ ಎತ್ತರ, ಹೂವಿಗೆ ಬಂದಿದ್ದ ಜೇನು ಯಾವುದು, ಊರಿನವರು ಹೇಳಿದ ಹೆಸರು ಇವನ್ನು ಸ್ಥಳದಲ್ಲೇ ಪೆನ್ಸಿಲ್ಲಿನಿಂದ ಬರೆಯಬೇಕು. ಊರಿನವರ ಹೆಸರನ್ನು ಅವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ. ಸಾವಂತಿ ಎಂಬ ಒಂದೇ ಮಾತು ಒಂದೊಂದು ಹೋಬಳಿಯಲ್ಲಿ ಒಂದೊಂದು ಗಿಡವನ್ನು ಸೂಚಿಸುವುದುಂಟು.

ಎಲ್ಲ ಪರೀಕ್ಷೆಗಳಾದ ಮೇಲೂ ಜಾತಿ ಖಚಿತವಾಗದಿದ್ದರೆ ಕುಲದ ಹೆಸರಿನವರೆಗೆ ಮಾತ್ರ ಬರೆದು ನಿಲ್ಲಿಸಿ, ಅದೂ ತಿಳಿಯದಿದ್ದರೆ ಹುಚ್ಚೆಳ್ಳಿನ ಮಾದರಿ, ಹಕ್ಕರಿಕೆಯ ಮಾದರಿ, ಕುಸುಬೆಯ ಮಾದರಿ ಎಂದಾದರೂ ಬರೆದು, ಗಿಡ ಇರುವ ಜಾಗಕ್ಕೆ ಒಂದು ಗುರುತು ಮಾಡಿ ಬನ್ನಿ. ಎರಡು ಮೂರು ವಾರ ಬಿಟ್ಟು ಅದೇ ಗಿಡದ ಬಳಿಗೆ ಮತ್ತೆ ಹೋದರೆ ಕಾಯಿ ಬಲಿತಿರುತ್ತದೆ, ಮತ್ತು ಹೂವಿನಲ್ಲಿ ಸಿಗದೆ ಹೋದ ಹೆಸರು ಹೆಚ್ಚಿನ ಸಲ ಆ ಕಾಯಿಯ ನೆತ್ತಿಯಲ್ಲಿ ಸಿಗುತ್ತದೆ.